ಮೊಣಕಾಲಿಗೊಂದು ಮದ್ದು, ಮೈಗೆಲ್ಲ ಒಂದು ಸರಣಿ: ಚೀನಾದ ಉಸಿರು–ಚಲನೆ ಸಾಧನೆಗಳ ಚರಿತ್ರೆ

ಚೀನಾದ ಹುನಾನ್ ಪ್ರಾಂತದ ಚಾಂಗ್‌ಶಾ ನಗರದ ಅಂಚಿನಲ್ಲಿ ಮಾವಾಂಗ್‌ದುಯಿ ಎಂಬ ದಿಬ್ಬವಿದೆ. ಅಲ್ಲಿನ ಮೂರನೆಯ ಸಮಾಧಿಯನ್ನು 1973ರ ಕೊನೆಯಲ್ಲಿ ಅಗೆದಾಗ, ಅರಗಿನ ಮೆರುಗು ಕೊಟ್ಟ ಪೆಟ್ಟಿಗೆಯೊಳಗೆ ರೇಷ್ಮೆಯ ಮೇಲೆ ಬರೆದ ಗ್ರಂಥಗಳ ರಾಶಿ ಸಿಕ್ಕಿತು. ಸಮಾಧಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಒಳಗೆ ಮಲಗಿದ್ದವನು ದಾಯ್ ಜಹಗೀರಿನ ಒಡೆಯ ಲೀ ತ್ಸಾಂಗ್‌ನ ಮಗ. ಸಾಯುವಾಗ ಅವನಿಗೆ ಮೂವತ್ತರ ಆಸುಪಾಸು. ಆ ರಾಶಿಯಲ್ಲಿ ಚಿಂದಿಯಾಗಿದ್ದ ಒಂದು ರೇಷ್ಮೆಯನ್ನು ಜೋಡಿಸಿ ನೋಡಿದಾಗ ನಾಲ್ಕು ಸಾಲುಗಳಲ್ಲಿ 44 ಮನುಷ್ಯಾಕೃತಿಗಳು ಕಂಡವು. ಗಂಡಸರಿದ್ದಾರೆ, ಹೆಂಗಸರಿದ್ದಾರೆ, ಎಳೆಯರು, ಮುದುಕರು ಇದ್ದಾರೆ. ಕೆಲವರಿಗೆ ಮೈತುಂಬ ಬಟ್ಟೆ, ಕೆಲವರಿಗೆ ಅರೆಬಟ್ಟೆ. ಒಬ್ಬರು ತೋಳು ಚಾಚಿದ್ದಾರೆ, ಇನ್ನೊಬ್ಬರು ಕೋಲು ಹಿಡಿದು ಬಾಗಿದ್ದಾರೆ. ಸಂಪಾದಕರು ಇದಕ್ಕೆ ‘ದಾವೊಯಿನ್ ಚಿತ್ರ’ ಎಂದು ಹೆಸರಿಟ್ಟರು. ಮೈಯನ್ನು ಎಳೆದು, ಸಡಿಲಿಸಿ, ಉಸಿರನ್ನು ನಡೆಸುವ ಸಾಧನೆಗಳಿಗೆ ಹಳೆಯ ಚೀನೀಯರ ಹೆಸರು ದಾವೊಯಿನ್. ಇಂದು ಲೋಕಕ್ಕೆ ಪರಿಚಿತವಾದ ಚಿಗಾಂಗ್‌ನ ಪೂರ್ವಜರನ್ನು ಹುಡುಕುವವರೆಲ್ಲ ಮೊದಲು ಬಂದು ನಿಲ್ಲುವುದು ಈ ಚಿತ್ರದ ಮುಂದೆಯೇ.

ಚಿಗಾಂಗ್ ಕುರಿತ ಜನಪ್ರಿಯ ಪುಸ್ತಕಗಳು ಈ ಸಾಧನೆಗಳಿಗೆ ಸಾವಿರಾರು ವರ್ಷಗಳ ಅಖಂಡ ಪರಂಪರೆಯಿದೆ ಎನ್ನುತ್ತವೆ. ಸಾವಿರಾರು ವರ್ಷ ಎಂಬುದು ನಿಜ. ಅಖಂಡ ಎಂಬುದರ ಬಗ್ಗೆ ನನಗೆ ಅನುಮಾನವಿದೆ. ಆಕರಗಳನ್ನು ಕಾಲಕ್ರಮದಲ್ಲಿ ಇಟ್ಟು ಓದಿದರೆ ನಡುವೆ ಒಂದು ದೊಡ್ಡ ಪಲ್ಲಟ ಕಾಣುತ್ತದೆ. ಮೊದಲ ಸಾವಿರ ವರ್ಷಗಳ ಬರಹಗಳಲ್ಲಿ ಚಲನೆ ಎಂದರೆ ಬಹುಮಟ್ಟಿಗೆ ಮದ್ದು: ಇಂಥ ನೋವಿಗೆ ಇಂಥ ಚಲನೆ, ಇಷ್ಟು ಸಲ. ಹನ್ನೆರಡನೆಯ ಶತಮಾನದ ಈಚೆಗೆ ಅದು ಸರಣಿಯಾಗುತ್ತದೆ: ಎಲ್ಲರಿಗೂ ಒಂದೇ ಕ್ರಮ, ಎಲ್ಲ ಕಾಯಿಲೆಗೂ ಅದೇ. ಮದ್ದಿಗೆ ಮಹಾಪುರುಷನ ಹೆಸರು ಬೇಕಿಲ್ಲ. ಮೊಣಕಾಲು ನೋವು ಹೋಯಿತೋ ಇಲ್ಲವೋ ಎಂದು ನೋಡಿದರೆ ಸಾಕು. ಎಲ್ಲವನ್ನೂ ಗುಣಪಡಿಸುವೆನೆನ್ನುವ ಸರಣಿಗೆ ಅಂಥ ಪರೀಕ್ಷೆ ಇಲ್ಲದ್ದರಿಂದ ಅದಕ್ಕೆ ಹೊರಗಿನಿಂದ ಒಂದು ದೊಡ್ಡ ಹೆಸರಿನ ಆಧಾರ ಬೇಕಾಯಿತು. ಹುವಾ ತುವೊ, ಬೋಧಿಧರ್ಮ, ಯುಯೆ ಫೇ ಮುಂತಾದವರು ಈ ಚರಿತ್ರೆಯೊಳಗೆ ಬಂದದ್ದು, ಕೊನೆಗೆ ‘ವಿಜ್ಞಾನ’ವೂ ಬಂದದ್ದು ಹೀಗೆ ಎಂಬುದು ಈ ಲೇಖನದ ವಾದ.

ಸಮಾಧಿಗಳ ಸಾಕ್ಷ್ಯ

ಮಾವಾಂಗ್‌ದುಯಿ ಚಿತ್ರದಲ್ಲಿ ಓದಲು ಬರುವ ಶೀರ್ಷಿಕೆಗಳು ಮೂವತ್ತರ ಆಸುಪಾಸು. ಕೆಲವು ಪ್ರಾಣಿಗಳ ಹೆಸರು ಹೇಳುತ್ತವೆ: ಕರಡಿ, ಕೋತಿ, ಕೊಕ್ಕರೆ. ಉಳಿದವುಗಳಲ್ಲಿ ಎದ್ದು ಕಾಣುವುದು ಕಾಯಿಲೆಗಳ ಹೆಸರು. ಮೊಣಕಾಲು ನೋವನ್ನು ಎಳೆದು ತೆಗೆಯುವುದು, ಕಿವುಡನ್ನು ಎಳೆದು ತೆಗೆಯುವುದು, ಕತ್ತಿನದು, ಒಳಗಿನ ಉರಿಯದು. ಆದರೆ ಪ್ರತಿಯೊಂದು ಆಕೃತಿಯೂ ಒಂದು ಕ್ಷಣದ ಭಂಗಿ ಮಾತ್ರ. ಅದಕ್ಕೆ ಮುಂಚೆ ಏನು ಮಾಡಬೇಕು, ಆಮೇಲೆ ಏನು, ಉಸಿರು ಒಳಗೋ ಹೊರಗೋ ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. ಪುಸ್ತಕಗಳಲ್ಲಿ ನಾವು ನೋಡುವ ಅಚ್ಚುಕಟ್ಟಾದ ಬಣ್ಣದ ಚಿತ್ರವೂ ಮೂಲವಲ್ಲ, ಚಿಂದಿಗಳಿಂದ ಮಾಡಿದ ಮರುರಚನೆ. ಕಳೆದುಹೋದ ಕೈಕಾಲುಗಳನ್ನು ಚಿತ್ರಕಾರರು ಊಹಿಸಿ ತುಂಬಿದ್ದಾರೆ. ಇದನ್ನು ಮರೆತು ಅದರ ಮೇಲೆ ಹೊಸ ಸಾಧನಾಕ್ರಮಗಳನ್ನೇ ಕಟ್ಟಿದವರಿದ್ದಾರೆ.

ಚಿತ್ರದ ಮೌನವನ್ನು ಒಡೆದದ್ದು ಇನ್ನೊಂದು ಸಮಾಧಿ. 1983–84ರ ಚಳಿಗಾಲದಲ್ಲಿ ಹುಬೇ ಪ್ರಾಂತದ ಜಿಯಾಂಗ್‌ಲಿಂಗ್ ಬಳಿಯ ಝಾಂಗ್‌ಜಿಯಾಶಾನ್‌ನಲ್ಲಿ 247ನೆಯ ಸಮಾಧಿಯನ್ನು ತೆರೆದರು. ಕ್ರಿ.ಪೂ. 186ರ ಹೊತ್ತಿನದು, ಎಂದರೆ ಮಾವಾಂಗ್‌ದುಯಿಗಿಂತ ಸ್ವಲ್ಪ ಹಳೆಯದು. ಬಿದಿರಿನ ಪಟ್ಟಿಗಳ ಮೇಲೆ ಬರೆದ ಕಾನೂನು ಸಂಹಿತೆ, ಗಣಿತದ ಪುಸ್ತಕ, ನಾಡಿಗಳ ಕುರಿತ ಗ್ರಂಥ ಅಲ್ಲಿದ್ದವು. ಅವುಗಳ ಜೊತೆಗೆ 112 ಪಟ್ಟಿಗಳ ‘ಯಿನ್‌ಶು’, ಅಂದರೆ ಎಳೆತದ ಪುಸ್ತಕವೂ ಇತ್ತು. ಸತ್ತವನು ಕೆಳದರ್ಜೆಯ ಅಧಿಕಾರಿ. ಜೊತೆಗಿದ್ದ ಪಂಚಾಂಗದ ಟಿಪ್ಪಣಿಯ ಪ್ರಕಾರ ಅವನು ಕ್ರಿ.ಪೂ. 194ರಲ್ಲಿ ಕಾಯಿಲೆಯ ಕಾರಣದಿಂದ ನೌಕರಿ ಬಿಟ್ಟಿದ್ದ. ಈ ಪುಸ್ತಕವನ್ನು ಅವನು ಓದಿದ್ದು ಕುತೂಹಲಕ್ಕಲ್ಲ, ತನ್ನ ಮೈಯ ಸಂಕಟಕ್ಕೆ ಎಂದು ಊಹಿಸುವುದು ತೀರ ಅತಿಯಾಗದು.

ಯಿನ್‌ಶುವಿನ ಆರಂಭ ಋತುಚರ್ಯೆ. ವಸಂತದಲ್ಲಿ ಬೇಗ ಎದ್ದು, ಮೂತ್ರವಿಸರ್ಜನೆ ಮಾಡಿ, ಮುಖ ತೊಳೆದು, ಹಲ್ಲುಜ್ಜಿ, ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ಅಡ್ಡಾಡಿ, ಒಂದು ಬಟ್ಟಲು ನೀರು ಕುಡಿಯಬೇಕು. ಉಳಿದ ಋತುಗಳಿಗೂ ಇಂಥವೇ ವಿಧಿಗಳು. ಆಮೇಲೆ ಚಲನೆಗಳ ಹೆಸರು, ಮಾಡುವ ಬಗೆ. ನಂತರ ಪುಸ್ತಕದ ತಿರುಳು: ಕಾಯಿಲೆ ಕಾಯಿಲೆಗೂ ಉಪಾಯ. ಬಲ ಮೊಣಕಾಲು ನೋಯುತ್ತಿದ್ದರೆ ಎಡಗೈಯಲ್ಲಿ ಆಸರೆ ಹಿಡಿದು ಬಲಗಾಲನ್ನು ಸಾವಿರ ಸಲ ಬೀಸಬೇಕು. ಎಡದ್ದು ನೋಯುತ್ತಿದ್ದರೆ ತಿರುವುಮುರುವು. ದವಡೆ ಕಳಚಿ ಬಾಯಿ ಮುಚ್ಚಲಾರದವನಿಗೂ ಇಲ್ಲಿ ಉಪಾಯವಿದೆ. ಅದು ಸಾಧನೆಯಲ್ಲ, ನೇರ ಕೈಚಿಕಿತ್ಸೆ. ದಾವೊಯಿನ್‌ಗೂ ಮೂಳೆ ಕೂರಿಸುವ ವಿದ್ಯೆಗೂ ನಡುವೆ ಆ ಕಾಲದಲ್ಲಿ ಗೆರೆ ಇರಲಿಲ್ಲ. ಇದನ್ನು ವಿವರವಾಗಿ ಅಭ್ಯಸಿಸಿದ ವಿವಿಯೆನ್ ಲೋ ಅವರಂಥ ವಿದ್ವಾಂಸರು ಚೀನೀ ವೈದ್ಯದ ನಾಡಿಸಿದ್ಧಾಂತ ರೂಪುಗೊಳ್ಳುವುದರ ಹಿಂದೆ ಇಂಥ ಮೈ ಅನುಭವಗಳಿವೆ ಎಂಬ ದಿಕ್ಕಿನಲ್ಲಿ ವಾದಿಸಿದ್ದಾರೆ. ಸೂಜಿ ಚುಚ್ಚುವುದಕ್ಕಿಂತ ಮುಂಚೆ ಮೈಯಲ್ಲಿ ಏನೋ ಹರಿಯುತ್ತದೆ ಎಂಬ ಅರಿವು ಸಾಧಕರಿಗೆ ಸಿಕ್ಕಿತ್ತು ಎಂಬ ಮಾತು ನನಗೂ ಒಪ್ಪುವಂಥದೇ.

ಪುಸ್ತಕದ ಕೊನೆಯ ಭಾಗ ಇನ್ನೂ ಗಮನಾರ್ಹ. ಜನ ಕಾಯಿಲೆ ಬೀಳುವುದು ಯಾಕೆ ಎಂಬುದಕ್ಕೆ ಅಲ್ಲಿ ಎರಡು ಉತ್ತರಗಳಿವೆ. ಉಳ್ಳವರು ಬೀಳುವುದು ಸಂತೋಷ–ಸಿಟ್ಟುಗಳ ಹದ ತಪ್ಪಿ. ದುಡಿಯುವವರು ಬೀಳುವುದು ವಿಪರೀತ ದುಡಿಮೆ, ಹಸಿವು, ಬಾಯಾರಿಕೆಗಳಿಂದ, ಬೆವತ ಮೈಯಲ್ಲೇ ತಣ್ಣೀರಿಗೆ ಇಳಿಯುವುದರಿಂದ. ಆರೋಗ್ಯಸಾಧನೆಯ ಗ್ರಂಥಗಳಲ್ಲಿ ವರ್ಗದ ಮಾತು ಇಷ್ಟು ನೇರವಾಗಿ ಮತ್ತೆ ಬರಲು ಚೀನಾ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಇದೇ ಸಾಧನೆಗಳನ್ನು ಗೇಲಿ ಮಾಡಿದವರೂ ಇದ್ದರು. ‘ಝುವಾಂಗ್‌ಝಿ’ ಗ್ರಂಥದ ಹದಿನೈದನೆಯ ಅಧ್ಯಾಯ ಉಸಿರು ಊದುತ್ತ, ಕರಡಿಯಂತೆ ತೂಗುತ್ತ, ಹಕ್ಕಿಯಂತೆ ಚಾಚುತ್ತ, ಚೀನೀಯರ ಚಿರಂಜೀವಿ ಪೆಂಗ್‌ಝೂವಿನಷ್ಟು ಬಾಳಬೇಕೆಂದು ಹಂಬಲಿಸುವವರನ್ನು ಸಣ್ಣ ಸಾಧಕರ ಸಾಲಿಗೆ ತಳ್ಳುತ್ತದೆ; ನಿಜವಾದ ಜ್ಞಾನಿಗೆ ಇದೆಲ್ಲ ಬೇಕಿಲ್ಲ ಎಂಬುದು ಅದರ ನಿಲುವು. ತಾವೊ ಪಂಥವೇ ಚಿಗಾಂಗ್‌ನ ತವರು ಎಂದು ನಂಬಿರುವ ಇಂದಿನ ಓದುಗರಿಗೆ ಇದು ಇರುಸುಮುರುಸಿನ ಸಂಗತಿ. ಗೇಲಿಯಿಂದ ಒಂದು ಉಪಕಾರವಾಗಿದೆ: ಗೇಲಿ ಮಾಡುವಷ್ಟು ಇವು ಆ ಹೊತ್ತಿಗೆ ಬಳಕೆಯಲ್ಲಿದ್ದವು ಎಂದು ತಿಳಿಯುತ್ತದೆ.

ಐದು ಪ್ರಾಣಿಗಳು

ಮೊದಲ ತಿರುವು ಹುವಾ ತುವೊನದು. ಸುಮಾರು ಕ್ರಿ.ಶ. 208ರಲ್ಲಿ ದಂಡನಾಯಕ ತ್ಸಾವೊ ತ್ಸಾವೊನಿಂದ ಹತನಾದ ಈ ವೈದ್ಯ ಶಸ್ತ್ರಚಿಕಿತ್ಸೆಗೆ ಹೆಸರಾದವನು. ಮೂರನೆಯ ಶತಮಾನದಲ್ಲಿ ಚೆನ್ ಶೌ ಬರೆದ ‘ಮೂರು ರಾಜ್ಯಗಳ ಚರಿತ್ರೆ’ಯ ಪ್ರಕಾರ, ಅವನು ಶಿಷ್ಯ ವೂ ಪೂವಿಗೆ ಹುಲಿ, ಜಿಂಕೆ, ಕರಡಿ, ಕಪಿ, ಹಕ್ಕಿ ಎಂಬ ಐದು ಪ್ರಾಣಿಗಳ ಆಟವನ್ನು ಹೇಳಿಕೊಟ್ಟ. ತಿರುಗುತ್ತಿರುವ ಬಾಗಿಲ ತಿರುಗುಣಿಗೆ ಹುಳು ಹಿಡಿಯದಂತೆ ಆಡುತ್ತಿರುವ ಮೈಗೂ ಕೊಳೆತ ಬಾರದು ಎಂಬುದು ಅವನು ಕೊಟ್ಟ ವಿವರಣೆ. ಮೈ ಸರಿಯಿಲ್ಲವೆನಿಸಿದಾಗ ಎದ್ದು ಒಂದು ಪ್ರಾಣಿಯ ಆಟ ಆಡಿ ಬೆವರಿದರೆ ಹಗುರಾಗಿ ಹಸಿವೆಯಾಗುತ್ತದೆ. ವೂ ಪೂ ತೊಂಬತ್ತು ದಾಟಿದರೂ ಕಣ್ಣು, ಕಿವಿ, ಹಲ್ಲು ಗಟ್ಟಿಯಾಗಿದ್ದನಂತೆ.

ಚೆನ್ ಶೌ ಹೇಳಿದ್ದು ಇಷ್ಟೇ. ಹುಲಿಯಾಟ ಎಂದರೆ ಏನು ಮಾಡಬೇಕು ಎಂಬ ಬಗ್ಗೆ ಅವನಲ್ಲಿ ಒಂದು ಮಾತೂ ಇಲ್ಲ. ಚಲನೆಗಳ ವಿವರ ಮೊದಲು ಸಿಗುವುದು ಸುಮಾರು ಮುನ್ನೂರು ವರ್ಷಗಳ ಬಳಿಕ, ತಾವೊ ವಿದ್ವಾಂಸ ತಾವೊ ಹೊಂಗ್‌ಜಿಂಗ್‌ನ (456–536) ಹೆಸರಿನಲ್ಲಿರುವ ಗ್ರಂಥದಲ್ಲಿ. ಅಲ್ಲಿನ ಹುಲಿ ನಾಲ್ಕು ಕಾಲ ಮೇಲೆ ನೆಲಕ್ಕೊರಗಿ ಮುಂದಕ್ಕೆ, ಹಿಂದಕ್ಕೆ ಜಿಗಿಯುತ್ತದೆ. ಕಪಿ ಮೇಲಿಂದ ಜೋತಾಡುತ್ತದೆ. ಇಂದು ಉದ್ಯಾನಗಳಲ್ಲಿ ಹಿರಿಯರು ಮಾಡುವ ನಿಂತ ನಿಲುವಿನ, ಮೆಲ್ಲನೆಯ ಐದು ಪ್ರಾಣಿಗಳ ಆಟಕ್ಕೂ ಈ ಬೆವರಿಳಿಸುವ ಕಸರತ್ತಿಗೂ ಹೆಸರಿನ ಹೊರತು ನಂಟು ಕಡಿಮೆ. ಆದರೂ ‘ಹುವಾ ತುವೊನ’ ಎಂಬ ವಿಶೇಷಣ ಹದಿನೆಂಟು ಶತಮಾನಗಳ ಕಾಲ ಅಂಟಿಕೊಂಡೇ ಬಂದಿದೆ. ಎಲ್ಲರಿಗೂ ಒಂದೇ ಸರಣಿ ಎಂಬ ಕಲ್ಪನೆ ದಾಖಲೆಯಲ್ಲಿ ಕಾಣಿಸಿದ ಮೊದಲ ಸಲವೇ ಅದಕ್ಕೊಂದು ದೊಡ್ಡ ಹೆಸರು ಸೇರಿಕೊಂಡಿದ್ದು ಆಕಸ್ಮಿಕ ಎಂದು ನನಗನಿಸುವುದಿಲ್ಲ.

ಆಸ್ಥಾನದ ವೈದ್ಯರು

ಮದ್ದಿನ ಧಾರೆ ಬತ್ತಿರಲಿಲ್ಲ. ಕ್ರಿ.ಶ. 610ರಲ್ಲಿ ಸುಯಿ ವಂಶದ ಚಕ್ರವರ್ತಿ ಯಾಂಗ್‌ನ ಅಪ್ಪಣೆಯಂತೆ ಆಸ್ಥಾನ ವೈದ್ಯ ಚಾವೊ ಯುವಾನ್‌ಫಾಂಗ್ ನೇತೃತ್ವದಲ್ಲಿ ರೋಗಗಳ ಮೂಲ–ಲಕ್ಷಣಗಳ ಗ್ರಂಥವೊಂದು ಸಿದ್ಧವಾಯಿತು. ಐವತ್ತು ಸುರುಳಿ, 1,700ಕ್ಕೂ ಹೆಚ್ಚು ನಮೂದುಗಳು. ಇದರ ಸೋಜಿಗವೆಂದರೆ ಔಷಧಿಗಳ ಪಟ್ಟಿಯೇ ಇಲ್ಲದಿರುವುದು. ಔಷಧಿ ಬೇರೆ ಪುಸ್ತಕಗಳಲ್ಲಿದೆ ಎಂದು ಬಿಟ್ಟು, ಅನೇಕ ರೋಗಗಳ ಕೆಳಗೆ ಸಂಪಾದಕರು ದಾವೊಯಿನ್ ವಿಧಾನಗಳನ್ನು ಕೊಟ್ಟರು. ಒಟ್ಟು ಇನ್ನೂರಕ್ಕೂ ಹೆಚ್ಚು. ವಾತದಿಂದ ಮರಗಟ್ಟಿದ ಅಂಗಕ್ಕೆ ಹೀಗೆ, ಸೊಂಟನೋವಿಗೆ ಹೀಗೆ, ಅಜೀರ್ಣಕ್ಕೆ ಹೀಗೆ ಎಂದು ಕೂರುವ ಭಂಗಿ, ಉಸಿರಿನ ಎಣಿಕೆ, ಮುಖ ಮಾಡಬೇಕಾದ ದಿಕ್ಕು ಎಲ್ಲವೂ ಇವೆ. ಒಂದು ಸಾಮ್ರಾಜ್ಯದ ಅಧಿಕೃತ ವೈದ್ಯಗ್ರಂಥದಲ್ಲಿ ಮೈ ಚಲನೆಗೆ ಇಷ್ಟು ಜಾಗ ಸಿಕ್ಕಿದ್ದು ಇದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಬೆನ್ನಿಗೇ ಬಂದ ತಾಂಗ್ ವಂಶದ ಆಸ್ಥಾನ ವೈದ್ಯಾಲಯದಲ್ಲಿ ಅಂಗಮರ್ದನಕ್ಕೆ ಪ್ರತ್ಯೇಕ ವಿಭಾಗವಿತ್ತು. ಅದರ ಆಚಾರ್ಯರು ವಿದ್ಯಾರ್ಥಿಗಳಿಗೆ ದಾವೊಯಿನ್ ಕಲಿಸುತ್ತಿದ್ದರು. ಸರಕಾರಿ ಹುದ್ದೆ, ಸರಕಾರಿ ಪಠ್ಯ. ದಾವೊಯಿನ್ ಎಂದರೆ ಬೆಟ್ಟದ ಮೇಲಿನ ಏಕಾಂತ ಸಾಧಕರ ಗುಟ್ಟು ಎಂಬ ಚಿತ್ರ ಈ ಕಾಲಕ್ಕಂತೂ ಹೊಂದುವುದಿಲ್ಲ.

ಭಾರತದ ಹೆಸರು ಮೊದಲು ಢಾಳಾಗಿ ಕಾಣಿಸಿಕೊಳ್ಳುವುದೂ ಈ ಕಾಲದಲ್ಲೇ. ಏಳನೆಯ ಶತಮಾನದ ನಡುವೆ ವೈದ್ಯ ಸುನ್ ಸಿಮಿಯಾವೊ ರಚಿಸಿದ ‘ಸಾವಿರ ಹೊನ್ನಿನ ಯೋಗಗಳು’ ಗ್ರಂಥದ 27ನೆಯ ಸುರುಳಿಯಲ್ಲಿ ‘ತಿಯಾನ್‌ಝು ದೇಶದ ಅಂಗಮರ್ದನ’ ಎಂಬ ಹದಿನೆಂಟು ಚಲನೆಗಳ ಕ್ರಮವಿದೆ. ತಿಯಾನ್‌ಝು ಎಂದರೆ ಭಾರತ. ಇದು ಬ್ರಾಹ್ಮಣರ ವಿಧಾನ ಎಂದು ಗ್ರಂಥವೇ ಹೇಳುತ್ತದೆ. ದಿನಕ್ಕೆ ಮೂರು ಸಲ ಮಾಡಿದರೆ ಒಂದು ತಿಂಗಳಲ್ಲಿ ರೋಗಗಳೆಲ್ಲ ಹೋಗುತ್ತವೆಂಬ ಭರವಸೆಯೂ ಇದೆ. ಎಲ್ಲ ರೋಗಗಳೂ ಎಂಬುದನ್ನು ಗಮನಿಸಬೇಕು; ಇದು ಮತ್ತೆ ಸರಣಿ.

ಇದು ನಿಜಕ್ಕೂ ಭಾರತದ್ದೇ? ಬಾಗಿಲು ಪೂರ್ತಿ ಮುಚ್ಚುವಂತಿಲ್ಲ. ತಾಂಗ್ ರಾಜಧಾನಿ ಚಾಂಗ್‌ಆನ್‌ನಲ್ಲಿ ಭಾರತೀಯ ಮೂಲದ ಜ್ಯೋತಿಷಿಗಳೂ ಕಣ್ಣಿನ ವೈದ್ಯರೂ ಇದ್ದರು. ಎಂಟನೆಯ ಶತಮಾನದಲ್ಲಿ ಗೌತಮ ಸಿದ್ಧ ಅಲ್ಲಿನ ಖಗೋಳ ಇಲಾಖೆಯ ಮುಖ್ಯಸ್ಥನಾಗಿದ್ದ. ಅದಕ್ಕೂ ಬಹಳ ಹಿಂದೆ, 148ರಲ್ಲಿ ಲುವೊಯಾಂಗ್‌ಗೆ ಬಂದ ಪಾರ್ಥಿಯಾದ ಭಿಕ್ಷು ಆನ್ ಷಿಗಾವೊನ ಮೂಲಕ ಉಸಿರನ್ನು ಎಣಿಸುವ ಬೌದ್ಧ ಆನಾಪಾನಸ್ಮೃತಿ ಚೀನೀ ಭಾಷೆಗೆ ಬಂದಿತ್ತು. ಆದರೆ ಹದಿನೆಂಟು ಚಲನೆಗಳನ್ನೇ ಒಂದೊಂದಾಗಿ ನೋಡಿದರೆ ಭಾರತದ ಗುರುತು ಸಿಗುವುದು ಕಷ್ಟ. ಕೈ ಹಿಂಡುವುದು, ಬೆರಳು ಹೆಣೆಯುವುದು, ಹುಲಿಯಂತೆ ಹಿಂದಿರುಗಿ ನೋಡುವುದು, ಬಿಲ್ಲು ಸೆಳೆದಂತೆ ಕೈ ಚಾಚುವುದು. ಬಿಲ್ಲಿನ ಬಲವನ್ನು ಹೇಳಿರುವುದೂ ಐದು ‘ಷಿ’ ಎಂದು, ಚೀನೀ ತೂಕದಲ್ಲಿ. ನನ್ನ ತೀರ್ಮಾನ: ಸರಕು ಸ್ಥಳೀಯ, ಮುದ್ರೆ ವಿದೇಶಿ. ಅದರ ಬೆನ್ನಿಗೇ ಸುನ್ ಸಿಮಿಯಾವೊ ಕೊಡುವ ಇನ್ನೊಂದು ಕ್ರಮಕ್ಕೆ ಲಾವೊಝಿಯ ಹೆಸರಿರುವುದೂ ಇದೇ ಕಡೆಗೆ ಬೊಟ್ಟು ಮಾಡುತ್ತದೆ.

ಎರವಲು ಬೇರೆ ದಿಕ್ಕಿನಲ್ಲೂ ನಡೆದಿತ್ತು. ತಿಯಾಂತಾಯ್ ಬೌದ್ಧ ಪಂಥದ ಝೀಯಿ (538–597) ಧ್ಯಾನಕ್ಕೆ ಕೂತವರ ಕಾಯಿಲೆಗಳಿಗೆ ಚೀನೀ ಸಾಧಕರ ‘ಆರು ಉಸಿರು’ಗಳನ್ನು ಹೇಳಿದ. ಒಂದೊಂದು ಅಂಗಕ್ಕೆ ಒಂದೊಂದು ಸದ್ದಿನೊಡನೆ ಉಸಿರು ಬಿಡುವ ಪದ್ಧತಿ ಅದು. ತಾವೊ ಹೊಂಗ್‌ಜಿಂಗ್‌ನ ಹೆಸರಿನ ಗ್ರಂಥದಲ್ಲೂ ಇದೆ. ಬೌದ್ಧ–ತಾವೊ ಎಂಬ ಗಡಿಯನ್ನು ಉಸಿರು ಅಷ್ಟಾಗಿ ಲೆಕ್ಕಿಸಲಿಲ್ಲ.

ಎಂಟರ ಸರಣಿ, ಖೊಟ್ಟಿ ಮುನ್ನುಡಿ

ಸೋಂಗ್ ಕಾಲದಲ್ಲಿ ದಾವೊಯಿನ್ ವೈದ್ಯರ ಕೈಯಿಂದ ಓದುಬರಹದ ಅಧಿಕಾರಿಗಳ ಖಾಸಗಿ ಕೋಣೆಗೆ ಬಂತು. ಕವಿ ಸು ಷಿ ಅಂಗಾಲು ಉಜ್ಜಿಕೊಳ್ಳುವುದರ, ಉಸಿರು ಹಿಡಿಯುವುದರ ಬಗ್ಗೆ ಉತ್ಸಾಹದಿಂದ ಬರೆದ. ಹೊಂಗ್ ಮಾಯ್ ಸಂಗ್ರಹಿಸಿದ ಕಥನಗಳಲ್ಲಿ ಒಂದು ದಾಖಲೆಯಿದೆ: 1117ರಲ್ಲಿ ಲೀ ಸಿಜು ಎಂಬ ಆಸ್ಥಾನ ಅಧಿಕಾರಿ ನಡುರಾತ್ರಿ ಎದ್ದು ಕೂತು ಉಸಿರಾಟ, ಅಂಗಮರ್ದನ ಮತ್ತು ‘ಬಾದುವಾನ್‌ಜಿನ್’ ಎಂಬುದನ್ನು ಮಾಡುತ್ತಿದ್ದ. ಹೆಸರನ್ನು ‘ಎಂಟು ತುಂಡು ಜರತಾರಿ’ ಎನ್ನಬಹುದು. ಎಂಟು ಚಲನೆಗಳ ಈ ಸರಣಿ ಇಂದು ಚೀನಾದ ಅತ್ಯಂತ ಜನಪ್ರಿಯ ಆರೋಗ್ಯಸಾಧನೆಗಳಲ್ಲೊಂದು. ಆಗ ಕೂತು ಮಾಡುವ ಕ್ರಮವೂ ಇತ್ತು, ನಿಂತು ಮಾಡುವ ಕ್ರಮವೂ ಇತ್ತು. ನಿಂತ ಕ್ರಮ ಇಂದಿನ ಸ್ವರೂಪಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ.

ಮದ್ದು ಸರಣಿಯಾದ ಗುರುತು ಬಾದುವಾನ್‌ಜಿನ್‌ನ ಒಡಲಲ್ಲೇ ಉಳಿದಿದೆ. ಒಂದು ಚಲನೆ ಜಠರ ಮತ್ತು ಪ್ಲೀಹಕ್ಕೆ, ಇನ್ನೊಂದು ಸೊಂಟ ಮತ್ತು ಮೂತ್ರಪಿಂಡಕ್ಕೆ, ಮತ್ತೊಂದು ಹೃದಯದ ಉರಿಗೆ. ಹಳೆಯ ಚೀಟಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದಾರೆ. ಹಿಮ್ಮಡಿ ಎತ್ತಿ ಇಳಿಸುವ ಕೊನೆಯ ಚಲನೆಗೆ ಬರುವಾಗ ಯಾವ ಅಂಗದ ಹೆಸರೂ ಇಲ್ಲ, ಸಕಲ ರೋಗಗಳೂ ಅದರ ಪಾಲಿಗೆ ಬರುತ್ತವೆ.

ಸರಣಿಗೆ ಹೆಸರೂ ಬಂತು. ಜನಪ್ರಿಯ ಕಥೆಯ ಪ್ರಕಾರ ಬಾದುವಾನ್‌ಜಿನ್ ರಚಿಸಿ ಸೈನಿಕರಿಗೆ ಕಲಿಸಿದವನು ವೀರ ಸೇನಾನಿ ಯುಯೆ ಫೇ. ಅವನು ಹುಟ್ಟಿದ್ದು 1103ರಲ್ಲಿ. ಲೀ ಸಿಜು ರಾತ್ರಿ ಎದ್ದು ಸಾಧನೆ ಮಾಡುತ್ತಿದ್ದ ವರ್ಷ ಈ ವೀರನಿಗೆ ಹದಿನಾಲ್ಕು.

ಇದಕ್ಕಿಂತ ದೊಡ್ಡ ಕಟ್ಟುಕಥೆ ‘ಯಿಜಿನ್‌ಜಿಂಗ್’ನದು, ಸ್ನಾಯುಗಳನ್ನು ಮಾರ್ಪಡಿಸುವ ಸೂತ್ರ. ಶಾವೊಲಿನ್ ಮಠದಲ್ಲಿ ಒಂಬತ್ತು ವರ್ಷ ಗೋಡೆ ನೋಡುತ್ತ ಕೂತ ಬೋಧಿಧರ್ಮ ಇದನ್ನು ಬಿಟ್ಟುಹೋದ ಎಂದು ಗ್ರಂಥ ಹೇಳಿಕೊಳ್ಳುತ್ತದೆ. ಸಾಕ್ಷಿಗೆ ಎರಡು ಮುನ್ನುಡಿಗಳಿವೆ. ಒಂದು ತಾಂಗ್ ಸೇನಾಪತಿ ಲೀ ಜಿಂಗ್‌ನದೆಂದು 628ರ ತಾರೀಕಿನದು. ಇನ್ನೊಂದು ಯುಯೆ ಫೇಯ ಕೈಕೆಳಗಿನ ಅಧಿಕಾರಿ ನಿಯು ಗಾವೊನದೆಂದು 1142ರದು. ಹದಿನೆಂಟನೆಯ ಶತಮಾನದಲ್ಲೇ ವಿದ್ವಾಂಸ ಲಿಂಗ್ ತಿಂಗ್‌ಕಾನ್ ಇವೆರಡರ ಬಣ್ಣ ಬಯಲು ಮಾಡಿದ. ಲೀ ಜಿಂಗ್‌ಗೆ ಹಸ್ತಪ್ರತಿ ಕೊಟ್ಟವನು ‘ಗುಂಗುರುಗಡ್ಡದ ವೀರ’ ಎಂದು ಮೊದಲ ಮುನ್ನುಡಿ ಹೇಳುತ್ತದೆ. ಆ ವೀರ ತಾಂಗ್ ಕಾಲದ ಒಂದು ಕಥೆಯ ಪಾತ್ರ. ಎರಡನೆಯದು ಚಿನ್‌ಝೋಂಗ್ ಚಕ್ರವರ್ತಿಯನ್ನು ಆ ಹೆಸರಿನಿಂದ ಕರೆಯುತ್ತದೆ. ಅದು ಅವನಿಗೆ 1161ರಲ್ಲಿ ಕೊಟ್ಟ ಮರಣೋತ್ತರ ನಾಮ. ಇಪ್ಪತ್ತನೆಯ ಶತಮಾನದಲ್ಲಿ ಸಮರವಿದ್ಯೆಗಳ ಚರಿತ್ರಕಾರ ತಾಂಗ್ ಹಾವೊ, ಈಚೆಗೆ ಶಾವೊಲಿನ್ ಚರಿತ್ರೆ ಬರೆದ ಮೇಯಿರ್ ಶಹರ್ ಈ ವಿಮರ್ಶೆಯನ್ನು ಮುಂದುವರಿಸಿದರು. ಗ್ರಂಥ ಹುಟ್ಟಿದ್ದು 1624ರ ಹೊತ್ತಿಗೆ, ತಾವೊ ಹಿನ್ನೆಲೆಯ ಬರಹಗಾರನೊಬ್ಬನ ಕೈಯಲ್ಲಿ.

ಬೋಧಿಧರ್ಮ ದಕ್ಷಿಣ ಭಾರತದವನೆಂಬ ಕಾರಣಕ್ಕೆ ಈ ಕಥೆಗೆ ನಮ್ಮ ಕಡೆ ವಿಶೇಷ ಮೋಹವಿದೆ. ಚೀನೀ ಸಮರವಿದ್ಯೆಯೆಲ್ಲ ನಾವೇ ಕಲಿಸಿದ್ದು ಎಂಬ ಮಾತು ಸಿನಿಮಾಗಳಲ್ಲೂ ಭಾಷಣಗಳಲ್ಲೂ ಕೇಳಿಬರುತ್ತದೆ. ಅವನನ್ನು ಕಂಡವರ ಕಾಲಕ್ಕೆ ಹತ್ತಿರದ ಆಕರ, 547ರ ಹೊತ್ತಿನ ಲುವೊಯಾಂಗ್ ಮಠಗಳ ವರ್ಣನೆ, ಅವನನ್ನು ಪರ್ಷಿಯಾ ಕಡೆಯವನೆನ್ನುತ್ತದೆ. ಏಳನೆಯ ಶತಮಾನದ ಭಿಕ್ಷುಚರಿತ್ರೆ ದಕ್ಷಿಣ ಭಾರತದ ಬ್ರಾಹ್ಮಣನೆನ್ನುತ್ತದೆ. ಎರಡರಲ್ಲೂ ವ್ಯಾಯಾಮದ ಸೊಲ್ಲಿಲ್ಲ. ಅವನ ಹೆಸರು ಚಲನೆಗಳಿಗೆ ಸೇರಿದ್ದು ಅವನು ಸತ್ತ ಸಾವಿರ ವರ್ಷಗಳ ಮೇಲೆ, ಒಂದು ಖೊಟ್ಟಿ ಮುನ್ನುಡಿಯಿಂದ. ಹೆಮ್ಮೆ ಪಡುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕು.

ಮಿಂಗ್, ಚಿಂಗ್ ಕಾಲದ ಮುದ್ರಣ ಇವೆಲ್ಲವನ್ನೂ ಹರಡಿತು. 1591ರಲ್ಲಿ ಗಾವೊ ಲಿಯಾನ್ ತನ್ನ ವಿಶ್ವಕೋಶದಂಥ ಗ್ರಂಥದಲ್ಲಿ ವರ್ಷದ 24 ಕಾಲಬಿಂದುಗಳಿಗೆ ಒಂದೊಂದರಂತೆ ಚಿತ್ರಸಹಿತ ಸಾಧನೆಗಳನ್ನು ಕೊಟ್ಟು, ಅವನ್ನು ತಾವೊ ಸಾಧಕ ಚೆನ್ ತುವಾನ್‌ನ ಲೆಕ್ಕಕ್ಕೆ ಹಾಕಿದ. 1779ರಲ್ಲಿ ಬೀಜಿಂಗ್‌ನ ಜೆಸ್ಯೂಟ್ ಪಾದ್ರಿ ಸಿಬೋ ಇವುಗಳ ಬಗ್ಗೆ ಫ್ರೆಂಚ್‌ನಲ್ಲಿ ಚಿತ್ರಸಹಿತ ಬರೆದು, ಮೂಢನಂಬಿಕೆಯ ಸಿಪ್ಪೆ ತೆಗೆದರೆ ಒಳಗೆ ವೈದ್ಯಕ್ಕೆ ಉಪಯೋಗವಾಗುವ ಸಂಗತಿಯಿದೆ ಎಂಬ ಅಭಿಪ್ರಾಯ ಕೊಟ್ಟ. ಅವನ ನಂತರದ ಇನ್ನೂರು ವರ್ಷ ಆಧುನಿಕರು ಮಾಡಹೊರಟದ್ದು ಹೆಚ್ಚುಕಡಿಮೆ ಆ ಸಿಪ್ಪೆ ತೆಗೆಯುವ ಕೆಲಸವನ್ನೇ.

ಪಕ್ಷದ ಆರೋಗ್ಯಧಾಮ

1914ರಲ್ಲಿ ಶಿಕ್ಷಣ ಸುಧಾರಕ ಜಿಯಾಂಗ್ ವೇಯ್‌ಚಿಯಾವೊ (1873–1958) ಶಾಂತವಾಗಿ ಕೂರುವ ವಿಧಾನದ ಬಗ್ಗೆ ಪುಸ್ತಕ ತಂದ. ಎಳೆಯದರಲ್ಲಿ ಕ್ಷಯದಿಂದ ನರಳಿ ಸಾಧನೆಯಿಂದ ಗುಣವಾದೆನೆಂದ ಅವನು ತಾವೊ ಪಂಥದ ಗೂಢ ಪರಿಭಾಷೆಯನ್ನು ಬಿಟ್ಟು ಶರೀರಶಾಸ್ತ್ರದ ಮಾತಿನಲ್ಲಿ ಬರೆದ. ಅವನ ಮುಂದೆ ಜಪಾನಿನ ಒಕಾಡಾ ತೊರಾಜಿರೊನ ಮಾದರಿಯಿತ್ತು. ಹಳೆಯದನ್ನು ಹೊಸ ಭಾಷೆಗೆ ತರುವ ದಾರಿ ಹೀಗೆ ತೆರೆಯಿತು.

ನಿರ್ಣಾಯಕ ಘಟನೆ ನಡೆದದ್ದು ಹೆಬೇ ಪ್ರಾಂತದ ಕಮ್ಯುನಿಸ್ಟ್ ಹಿಡಿತದ ಹಳ್ಳಿಗಳಲ್ಲಿ. ಪಕ್ಷದ ಕಾರ್ಯಕರ್ತ ಲಿಯು ಗುಯಿಝೆನ್‌ಗೆ (1920–1983) ಜಠರದ ಹುಣ್ಣು, ನಿದ್ರಾಹೀನತೆ. 1947ರಲ್ಲಿ ರಜೆಯ ಮೇಲೆ ಊರಿಗೆ ಬಂದಾಗ ಲಿಯು ದುಝೌ ಎಂಬ ಹಿರಿಯನಿಂದ ಅವನು ಒಂದು ಉಸಿರಿನ ಸಾಧನೆ ಕಲಿತ. 102 ದಿನ ಮಾಡಿ ಗುಣವಾಗಿ ಕೆಲಸಕ್ಕೆ ಮರಳಿದ. ಔಷಧಿಯೂ ವೈದ್ಯರೂ ಇಲ್ಲದ ಯುದ್ಧಕಾಲ. ಖರ್ಚಿಲ್ಲದ ಚಿಕಿತ್ಸೆ ಪಕ್ಷದ ನಾಯಕರ ಕಣ್ಣಿಗೆ ಬಿತ್ತು. ಇದನ್ನು ಪರಿಶೀಲಿಸಿ ಶುದ್ಧೀಕರಿಸಲು ಅವನನ್ನೇ ನೇಮಿಸಿದರು. ಆ ಗುಂಪು 1949ರ ಮಾರ್ಚ್‌ನಲ್ಲಿ ‘ಚಿಗಾಂಗ್’ ಎಂಬ ಹೆಸರನ್ನು ಆರಿಸಿತು. ಹಿಂದೆ ಅಲ್ಲಲ್ಲಿ ಬಳಕೆಯಲ್ಲಿದ್ದ ಪದವೇ. ಆದರೆ ದಾವೊಯಿನ್, ಉಸಿರಿನ ಸಾಧನೆ, ಧ್ಯಾನ ಎಲ್ಲವನ್ನೂ ಒಂದೇ ಮಾಡಿನ ಕೆಳಗೆ ತಂದದ್ದು ಆ ತೀರ್ಮಾನ.

ಶುದ್ಧೀಕರಣ ಎಂದರೆ ಏನು ಎಂಬುದಕ್ಕೆ ವಿದ್ವಾಂಸ ಡೇವಿಡ್ ಪಾಮರ್ ಚಿಗಾಂಗ್ ಕುರಿತ ತಮ್ಮ ಅಧ್ಯಯನದಲ್ಲಿ ಒಂದು ಸೊಗಸಾದ ಉದಾಹರಣೆ ಕೊಡುತ್ತಾರೆ. ಲಿಯು ಕಲಿತ ಸಾಧನೆಯಲ್ಲಿ ಉಸಿರಿನೊಡನೆ ಮನಸ್ಸಿನಲ್ಲಿ ಹೇಳಿಕೊಳ್ಳುವ ಮಂತ್ರವೊಂದಿತ್ತು. ಅದರಲ್ಲಿ ಧ್ಯಾನದ ಕೋಣೆ, ಹೊಂಬಣ್ಣದ ಡ್ರ್ಯಾಗನ್ನಿನ ಪಂಜ ಎಲ್ಲ ಬರುತ್ತಿದ್ದವು. ಹೊಸ ಆವೃತ್ತಿಯಲ್ಲಿ ಡ್ರ್ಯಾಗನ್ ಹೋಗಿ, ಆರೋಗ್ಯ ಸುಧಾರಿಸಲು ಕೂತಿದ್ದೇನೆ ಎಂಬ ಅರ್ಥದ ಮಾತು ಬಂತು. ಉಸಿರಿನ ಲಯ ಹಾಗೇ ಉಳಿಯಿತು.

ಐವತ್ತರ ದಶಕದ ಚಿಗಾಂಗ್ ಮತ್ತೆ ಮದ್ದಿನ ಕಡೆಗೆ ಹೊರಳಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ತಾಂಗ್‌ಶಾನ್‌ನ ಆರೋಗ್ಯಧಾಮ, ಆಮೇಲೆ 1956ರಲ್ಲಿ ಕಡಲತೀರದ ಬೇಯ್‌ದಾಯ್‌ಹೆಯಲ್ಲಿ ತೆರೆದದ್ದು, ಶಾಂಘಾಯ್‌ನ ಚಿಕಿತ್ಸಾಲಯ – ಇಲ್ಲೆಲ್ಲ ಬಿಳಿ ಕೋಟಿನ ವೈದ್ಯರು, ರೋಗಿಗಳ ಕಡತಗಳು, ಜಠರದ ಹುಣ್ಣಿಗೆ ಒಂದು ಕ್ರಮ, ನಿತ್ರಾಣಕ್ಕೆ ಇನ್ನೊಂದು. ಅಲ್ಲಿಗೆ ಬರುತ್ತಿದ್ದವರಲ್ಲಿ ಪಕ್ಷದ ಅಧಿಕಾರಿಗಳೇ ಹೆಚ್ಚು. 1955ರ ಡಿಸೆಂಬರ್‌ನಲ್ಲಿ ಆರೋಗ್ಯ ಸಚಿವಾಲಯ ಈ ಕೆಲಸವನ್ನು ಪುರಸ್ಕರಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಗಾಳಿ ಬೀಸಿ, ಅದೇ ಲಿಯು ಗುಯಿಝೆನ್ ‘ವಿಷದ ಕಳೆ’ ಬೆಳೆಸಿದವನೆನಿಸಿಕೊಂಡು ಪಕ್ಷದಿಂದ ಹೊರಬಿದ್ದ.

ಚಿಕಿತ್ಸಾಲಯದ ಬಾಗಿಲು ಮುಚ್ಚಿದಾಗ ಚಿಗಾಂಗ್ ಉದ್ಯಾನಕ್ಕೆ ಬಂತು. ಗರ್ಭಕೋಶದ ಕ್ಯಾನ್ಸರ್‌ನಿಂದ ನರಳಿದ್ದ ಚಿತ್ರಕಲಾವಿದೆ ಗುವೊ ಲಿನ್ (1909–1984) ಎಪ್ಪತ್ತರ ದಶಕದ ಮೊದಲಲ್ಲಿ ಬೀಜಿಂಗ್‌ನ ಉದ್ಯಾನಗಳಲ್ಲಿ ನಡಿಗೆಯ ಸಾಧನೆಯೊಂದನ್ನು ಗುಂಪುಗಳಿಗೆ ಕಲಿಸತೊಡಗಿದಳು. ಪೊಲೀಸರು ಅಡ್ಡಿಪಡಿಸಿದ್ದೂ ಉಂಟು. ವೈದ್ಯರು ಒಬ್ಬೊಬ್ಬ ರೋಗಿಯನ್ನು ನೋಡುತ್ತಿದ್ದ ಜಾಗದಲ್ಲಿ ಈಗ ನೂರಾರು ಜನರ ಸಾಲು. ಉದ್ಯಾನದಲ್ಲಿ ಕಲಿಸಲು ಸರಣಿಯೇ ಬೇಕು. ಒಬ್ಬೊಬ್ಬರಿಗೆ ಒಂದೊಂದು ಮದ್ದು ಅಲ್ಲಿ ನಡೆಯದು.

1978ರಲ್ಲಿ ಶಾಂಘಾಯ್‌ನ ಪರಮಾಣು ಸಂಶೋಧನಾ ಸಂಸ್ಥೆಯ ಗು ಹಾನ್‌ಸೆನ್ ಚಿಗಾಂಗ್ ಸಾಧಕನ ಕೈಯಿಂದ ಹೊಮ್ಮುವ ‘ಹೊರ ಚಿ’ಯನ್ನು, ಎಂದರೆ ಪ್ರಾಣಶಕ್ತಿಯನ್ನು, ಉಪಕರಣದಿಂದ ಅಳೆದೆನೆಂದಳು. ಕ್ಷಿಪಣಿ ವಿಜ್ಞಾನಿ ಚಿಯಾನ್ ಶ್ವೆಸೆನ್ ಇದರಲ್ಲಿ ಹೊಸದೊಂದು ವಿಜ್ಞಾನವನ್ನೇ ಕಂಡ. ಈ ಸಲ ಮುದ್ರೆ ಒತ್ತಿದ್ದು ಪ್ರಯೋಗಾಲಯ. ಎಂಬತ್ತರ ದಶಕದಲ್ಲಿ ಯಾನ್ ಶಿನ್‌ನಂಥ ಗುರುಗಳು ಕ್ರೀಡಾಂಗಣಗಳಲ್ಲಿ ಗಂಟೆಗಟ್ಟಲೆ ಭಾಷಣ ಮಾಡಿ ಅಲ್ಲಿಂದಲೇ ಚಿ ಹಾಯಿಸುತ್ತಿದ್ದರು. ಕೇಳುಗರು ಅಳುತ್ತಿದ್ದರು, ನಗುತ್ತಿದ್ದರು, ಕುಣಿಯುತ್ತಿದ್ದರು. ಸಾಧಕರ ಸಂಖ್ಯೆ ಹತ್ತು ಕೋಟಿ ಮುಟ್ಟಿತ್ತೆಂಬ ಅಂದಾಜುಗಳಿವೆ. ಅರ್ಥಶಾಸ್ತ್ರಜ್ಞ ಯು ಗುವಾಂಗ್‌ಯುವಾನ್‌ನಂಥ ಕೆಲವರು ಇದು ಹುಸಿವಿಜ್ಞಾನ ಎಂದು ಬರೆದದ್ದು ಆ ಗದ್ದಲದಲ್ಲಿ ಹೆಚ್ಚು ಕೇಳಿಸಲಿಲ್ಲ. ಸಾಧನೆ ಕೆಟ್ಟು ಮತಿಭ್ರಮಣೆಗೊಂಡವರು ಮನೋರೋಗ ವಿಭಾಗಗಳಿಗೆ ಬರತೊಡಗಿದರು. ಅಮೆರಿಕದ ಮನೋವೈದ್ಯರ 1994ರ ಕೈಪಿಡಿಯೂ ಇದನ್ನು ಚಿಗಾಂಗ್ ಸಂಬಂಧಿ ಸ್ಥಿತಿಯೆಂದೇ ನಮೂದಿಸಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ರಾಜಕೀಯ. 1992ರಲ್ಲಿ ಆರಂಭವಾದ ಚಿಗಾಂಗ್ ಪಂಥ ಫಾಲುನ್ ಗಾಂಗ್‌ನ ಸುಮಾರು ಹತ್ತು ಸಾವಿರ ಅನುಯಾಯಿಗಳು 1999ರ ಏಪ್ರಿಲ್ 25ರಂದು ಬೀಜಿಂಗ್‌ನ ಆಡಳಿತ ಕೇಂದ್ರ ಝೋಂಗ್‌ನಾನ್‌ಹಾಯ್ ಸುತ್ತ ಮೌನವಾಗಿ ನೆರೆದರು. ಜುಲೈಯಲ್ಲಿ ಆ ಸಂಘಟನೆಗೆ ನಿಷೇಧ, ಹಿಂದೆಯೇ ಕಠೋರ ದಮನ. ಇತರ ಚಿಗಾಂಗ್ ಗುಂಪುಗಳೂ ಒಂದೊಂದಾಗಿ ಕರಗಿದವು.

ಸರಕಾರ ಚಿಗಾಂಗ್ ಅನ್ನೇ ಕೈಬಿಡಲಿಲ್ಲ, ಕ್ರೀಡಾ ಇಲಾಖೆಗೆ ಒಪ್ಪಿಸಿತು. 2001ರಲ್ಲಿ ಇದಕ್ಕೊಂದು ಕೇಂದ್ರ ಸ್ಥಾಪನೆಯಾಗಿ ಐದು ಪ್ರಾಣಿಗಳ ಆಟ, ಬಾದುವಾನ್‌ಜಿನ್, ಯಿಜಿನ್‌ಜಿಂಗ್, ಆರು ಉಸಿರುಗಳ ಸದ್ದುಗಳು ಎಂಬ ನಾಲ್ಕು ಸರಣಿಗಳು ಪ್ರಮಾಣಿತ ರೂಪದಲ್ಲಿ ಹೊರಬಂದವು. ಬಾದುವಾನ್‌ಜಿನ್‌ನ ಹೊಣೆ ಬೀಜಿಂಗ್ ಕ್ರೀಡಾ ವಿಶ್ವವಿದ್ಯಾಲಯಕ್ಕೆ, ಐದು ಪ್ರಾಣಿಗಳದು ಶಾಂಘಾಯ್‌ನ ಕ್ರೀಡಾ ಸಂಸ್ಥೆಗೆ. ಇಂದು ಜಗತ್ತಿನ ಯಾವುದೇ ಊರಿನಲ್ಲಿ ಅಂತರ್ಜಾಲದ ವಿಡಿಯೊ ನೋಡಿ ಬಾದುವಾನ್‌ಜಿನ್ ಕಲಿಯುವವರು ಹೆಚ್ಚಾಗಿ ಕಲಿಯುತ್ತಿರುವುದು ಈ ಆವೃತ್ತಿಯನ್ನೇ. ಹೊರ ಚಿ ಇಲ್ಲ, ಗುರು ಇಲ್ಲ, ಪವಾಡ ಇಲ್ಲ, ಹಿನ್ನೆಲೆಯಲ್ಲಿ ಸಂಗೀತವಿದೆ. 2020ರಲ್ಲಿ ವುಹಾನ್‌ನ ತಾತ್ಕಾಲಿಕ ಕೋವಿಡ್ ಆಸ್ಪತ್ರೆಗಳಲ್ಲಿ ಮಂಚಗಳ ನಡುವೆ ನಿಂತು ರೋಗಿಗಳು ಮಾಡಿದ್ದೂ ಬಾದುವಾನ್‌ಜಿನ್. ಹಾಗೆ ನೋಡಿದರೆ ಕೊನೆಗೂ ಗೆದ್ದದ್ದು ಸರಣಿಯೇ.

ಆದರೂ ವೈದ್ಯಕೀಯ ಪರೀಕ್ಷೆಗಳು ನಡೆಯುತ್ತಿರುವುದು ಇನ್ನೊಂದು ದಿಕ್ಕಿನಲ್ಲಿ. ಅಮೆರಿಕದ ಆರಿಗನ್‌ನಲ್ಲಿ ಫುಝೋಂಗ್ ಲೀ ತಂಡ ಪಾರ್ಕಿನ್ಸನ್ ಕಾಯಿಲೆಯ 195 ರೋಗಿಗಳನ್ನು ಮೂರು ಗುಂಪು ಮಾಡಿ, ವಾರಕ್ಕೆರಡು ಸಲದಂತೆ 24 ವಾರ ಒಂದು ಗುಂಪಿಗೆ ಚಿಗಾಂಗ್‌ನ ದಾಯಾದಿಯಾದ ತಾಯ್ ಚಿ, ಉಳಿದೆರಡಕ್ಕೆ ಭಾರದ ವ್ಯಾಯಾಮ ಮತ್ತು ಮೈಚಾಚುವ ವ್ಯಾಯಾಮ ಕಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ದೇಹದ ಸಮತೋಲನದ ಅಳತೆಗಳಲ್ಲಿ ತಾಯ್ ಚಿ ಗುಂಪು ಮುಂದಿತ್ತು; ಮೈಚಾಚುವ ಗುಂಪಿಗಿಂತ ಅವರು ಬೀಳುವುದೂ ಕಡಿಮೆಯಾಗಿತ್ತು. ಅಲ್ಲಿ ಕಲಿಸಿದ್ದು ಉದ್ಯಾನದ ಉದ್ದನೆಯ ಸರಣಿಯಲ್ಲ. ಭಾರವನ್ನು ಕಾಲಿಂದ ಕಾಲಿಗೆ ಬದಲಿಸುವ, ಬೀಳುವ ಅಂಚಿನವರೆಗೆ ವಾಲಿ ಹಿಂದಿರುಗುವ ಕೆಲವೇ ಚಲನೆಗಳನ್ನು ಆ ಕಾಯಿಲೆಗೆಂದೇ ಆರಿಸಿದ್ದರು. ಚಾವೊ ಯುವಾನ್‌ಫಾಂಗ್‌ನ ಇನ್ನೂರಕ್ಕೂ ಹೆಚ್ಚು ಚಲನೆಗಳಲ್ಲಿ ಹೀಗೆ ಒಂದೊಂದನ್ನೇ ಎತ್ತಿಕೊಂಡು, ಅದು ಹೇಳುವ ಕಾಯಿಲೆಯ ಮೇಲೆ ಪರೀಕ್ಷಿಸುವ ಕೆಲಸಕ್ಕೆ ಬೇಕಾದ ಪಠ್ಯ 610ರಿಂದಲೂ ಸಿದ್ಧವಾಗಿದೆ.